ಮಗ್ಗ ನಿಂತ ಬೆಳಗು

“ಗುರುಗಳೇ, ನಮ್ಮ ಮಠದ ಅಡುಗೆಮನೆಯಲ್ಲಿ ಹಿರಿಯ ಬಾಣಸಿಗ ನೀರು ತರುವವನನ್ನು ದಿನವೂ ಹೀಯಾಳಿಸುತ್ತಾನೆ. ಉಳಿದವರು ನಗುತ್ತಾರೆ. ನಾನೂ ಅಲ್ಲೇ ಸಾರಿನ ಒಲೆಯ ಮುಂದೆ ಸೌಟು ಹಿಡಿದಿರುತ್ತೇನೆ. ಆದರೆ ನಾನು ಹೀಯಾಳಿಸಿದವನಲ್ಲ, ನಕ್ಕವನೂ ಅಲ್ಲ. ಆ ತಪ್ಪಿನಲ್ಲಿ ನನಗೂ ಪಾಲಿದೆಯೇ?”

ಶಿಷ್ಯ ಇದನ್ನು ತಲೆಯೆತ್ತಿಕೊಂಡೇ ಕೇಳಿದ. ಗುರುಗಳು ನಕ್ಕರು. “ನಿನ್ನ ಬೆನ್ನನ್ನು ನೀನೇ ತಟ್ಟಿಕೊಂಡರೆ ಕೈ ನೋಯುತ್ತದೆ, ಕೂತುಕೋ. ಒಂದು ಕತೆ ಹೇಳುತ್ತೇನೆ,” ಎಂದರು.

ಒಬ್ಬ ಯಜಮಾನನಿದ್ದ. ಅವನ ಮನೆಗೆ ಹೊಂದಿಕೊಂಡಂತೆ ಉದ್ದನೆಯ ಪಡಸಾಲೆ, ಅದರ ತುಂಬ ಮಗ್ಗಗಳು. ಅಲ್ಲಿನ ಹಿರಿಯ ನೇಕಾರ ನೇಯುತ್ತಿದ್ದಂಥ ಸೀರೆಯಂಚು ಸುತ್ತಿನ ಯಾವ ಊರಿನಲ್ಲೂ ಸಿಗುತ್ತಿರಲಿಲ್ಲ. ವ್ಯಾಪಾರಿಗಳು ಅದನ್ನೇ ಹುಡುಕಿಕೊಂಡು ಬರುತ್ತಿದ್ದರು. ಅದು ಅವನ ತಲೆಗೇರಿತ್ತು.

ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ಅಲ್ಲಿಗೆ ನೇಯಲು ಬಂದಳು. ಆ ಕೂಲಿಯಲ್ಲೇ ಅವಳ ಮನೆ ನಡೆಯಬೇಕಿತ್ತು. ಮೊದಮೊದಲು ಅವಳ ಬಟ್ಟೆಯಲ್ಲಿ ಒಂದೆರಡು ಗಂಟು ಉಳಿದವು. ಹಿರಿಯ ನೇಕಾರ ಅದನ್ನು ಎಲ್ಲರಿಗೂ ಎತ್ತಿ ತೋರಿಸಿ, ಅವಳಿಗೆ ‘ಗಂಟವ್ವ’ ಎಂದು ಹೆಸರಿಟ್ಟ. ಎಲ್ಲರೂ ನಕ್ಕರು. ಗಂಟು ಹೋದವು, ಹೆಸರು ಹೋಗಲಿಲ್ಲ. ಅವಳು ಬಂದರೆ ನಗು, ಕೂತರೆ ನಗು, ಎಳೆ ಕಡಿದರಂತೂ ಹಬ್ಬ. ಅವಳು ನೇಯುತ್ತಲೇ ಅವರ ಮುಖ ನೋಡತೊಡಗಿದಳು. ನೋಡಿದಷ್ಟೂ ಎಳೆ ಕಡಿಯಿತು.

ಅವಳು ಯಜಮಾನನಿಗೆ ಹೇಳಿಕೊಂಡಳು. “ಅವನ ಬಾಯಿ ಹಾಗೆ, ಕೈ ಮಾತ್ರ ಬಂಗಾರ. ಸ್ವಲ್ಪ ಹೊಂದಿಕೊಂಡು ಹೋಗಮ್ಮ,” ಎಂದು ಅವನು ಕಳಿಸಿಬಿಟ್ಟ. ಕೈ ಬಂಗಾರವಾದ ಮಾತ್ರಕ್ಕೆ ಬಾಯಿಗೆ ಕಡಿವಾಣ ಬೇಡವೆಂದು ಇವನಿಗೆ ಯಾರು ಹೇಳಿಕೊಟ್ಟರೋ!

ಒಂದು ಬೆಳಿಗ್ಗೆ ಅವಳು ಬುತ್ತಿ ಎತ್ತಿಕೊಂಡು ಎದ್ದಳು. ಇನ್ನು ಬರುವುದಿಲ್ಲ ಎಂದಳು. ಹಿರಿಯ ನೇಕಾರ ಅದಕ್ಕೂ ಏನೋ ಅಂದ. ಈ ಸಲ ಯಾರೂ ನಗಲಿಲ್ಲ. ಅವಳ ಪಕ್ಕದ ಮಗ್ಗದ ಮುದುಕ ಕೈಯಲ್ಲಿದ್ದ ಲಾಳಿ ಕೆಳಗಿಟ್ಟ. ಅವನೂ ಅಷ್ಟು ದಿನ ನಕ್ಕವನೇ. ಅವನ ಪಕ್ಕದವನೂ ಇಟ್ಟ. ಆಮೇಲೆ ಎಲ್ಲ ಮಗ್ಗಗಳೂ ನಿಂತವು.

ಆ ಕೇರಿಯಲ್ಲಿ ಹಗಲು ಹೊತ್ತು ಮಗ್ಗ ನಿಲ್ಲುತ್ತಿದ್ದುದು ಸಾವಾದಾಗ ಮಾತ್ರ. ಉಣ್ಣುತ್ತಿದ್ದ ಯಜಮಾನ ಎಂಜಲು ಕೈಯಲ್ಲೇ ಓಡಿಬಂದ.

“ಯಾರು ತೀರಿಕೊಂಡರು?”

“ಇನ್ನೂ ಯಾರೂ ಇಲ್ಲ ಯಜಮಾನ್ರೆ,” ಎಂದ ಮುದುಕ. “ಈಯಮ್ಮನ್ನ ದಿನಾ ಒಂದಿಷ್ಟು ಕೊಲ್ತಾ ಇದ್ವಿ. ಇವತ್ತಿಗೆ ಸಾಕು ಅನ್ನಿಸ್ತು.”

ಯಜಮಾನನಿಗೆ ತನ್ನ ಮಾತು ನೆನಪಾಗಿ ನಾಚಿಕೆಯಾಯಿತು. “ಹೊಂದಿಕೊಂಡು ಹೋಗು ಅಂದೆನಲ್ಲ ತಾಯಿ, ತಪ್ಪು ನನ್ನದೂ ಇದೆ,” ಎಂದ. ಆಮೇಲೆ ಹಿರಿಯ ನೇಕಾರನ ಕಡೆ ತಿರುಗಿದ. “ಇವರ ಹೆಸರು ಹಿಡಿದು ಕ್ಷಮೆ ಕೇಳು. ಆಗದಿದ್ದರೆ ಈ ಹೊಸ್ತಿಲು ದಾಟು.”

“ನಾನು ಹೋದರೆ ಅಂಚು ಯಾರು ನೇಯ್ತಾರೆ?”

“ಯಾರೂ ನೇಯದಿದ್ದರೆ ಅಂಚಿಲ್ಲದ ಸೀರೆ ಮಾರ್ತೇನೆ.”

ಹಿರಿಯ ನೇಕಾರ ನಿಂತ ಮಗ್ಗಗಳನ್ನು ಒಂದೊಂದಾಗಿ ನೋಡಿದ. ಕೊನೆಗೆ ಕೈಮುಗಿದ, ಬಾಯಿ ತೆರೆದ. ಹೆಸರು ಬರಲಿಲ್ಲ. ಅವಳ ಹೆಸರೇನೆಂದು ಅವನು ಒಂದು ದಿನವೂ ಕೇಳಿರಲಿಲ್ಲ.

“ದಾಕ್ಷಾಯಣಿ,” ಎಂದಳು ಅವಳು, ಇಡೀ ಪಡಸಾಲೆಗೆ ಕೇಳುವಂತೆ.

ಅವನು ಆ ಹೆಸರು ಹಿಡಿದೇ ಕ್ಷಮೆ ಕೇಳಿದ. ಅವಳು ಮತ್ತೆ ಮಗ್ಗಕ್ಕೆ ಕೂತಳು. ಅಂದಿನಿಂದ ಅಲ್ಲಿ ಯಾರನ್ನಾದರೂ ಹೀಯಾಳಿಸುವ ಮಾತು ಬಂದರೆ ಪಕ್ಕದ ಮಗ್ಗ ನಿಲ್ಲುತ್ತಿತ್ತು, ಯಜಮಾನ ಬಂದು ವಿಚಾರಿಸುತ್ತಿದ್ದ. ಆ ನೇಕಾರರು ಸಂತೆಯಲ್ಲಿ ಎದೆಯುಬ್ಬಿಸಿ ನಡೆಯುತ್ತಿದ್ದರು. ಯಾರಾದರೂ ಅಂಚನ್ನು ಹೊಗಳಿದರೆ, “ಅದಿರಲಿ, ನಮಗೆ ಮಗ್ಗ ನಿಲ್ಲಿಸೋದೂ ಗೊತ್ತು,” ಎನ್ನುತ್ತಿದ್ದರು.

ಶಿಷ್ಯನ ಕಣ್ಣು ಹೊಳೆಯಿತು. “ಎಂಥ ಜನ ಗುರುಗಳೇ! ನಾನು ಅಲ್ಲಿದ್ದಿದ್ದರೆ ಮೊದಲು ನಿಲ್ಲುತ್ತಿದ್ದುದು ನನ್ನ ಮಗ್ಗ.”

ಗುರುಗಳು ಕೇಳಿದರು: “ನಿನ್ನೆ ನಮ್ಮ ನೀರಿನ ಮಾದಪ್ಪ ಕೊಡ ಇಳಿಸಿ ಕಣ್ಣೊರೆಸಿಕೊಳ್ಳುವಾಗ ನಿನ್ನ ಸೌಟು ನಿಂತಿತ್ತೇ?”