ಸೋರಿಕೆಯ ಹುಂಡಿಯ ಪಾರುಪತ್ಯಗಾರ

“ಗುರುಗಳೇ, ನನಗೆ ಸಿಗದೆ ಹೋದದ್ದು ಇನ್ನೊಬ್ಬನಿಗೆ ಸಲೀಸಾಗಿ ಸಿಕ್ಕರೆ ನನ್ನ ಹೊಟ್ಟೆ ಏಕೆ ಉರಿಯುತ್ತದೆ?” ಎಂದು ಮುರಿಗಯ್ಯ ಕೇಳಿದ.

ಮುರಿಗಯ್ಯ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಅವನು ಮಠಕ್ಕೆ ಬಂದ ಕಾಲದಲ್ಲಿ ಹೊಸಬರಿಗೆ ಕಂಬಳಿ ಕೊಡುವ ಪದ್ಧತಿ ಇರಲಿಲ್ಲ. ಚಳಿಗಾಲವೆಲ್ಲ ಅವನು ಬರಿಯ ಕಲ್ಲುಹಾಸಿನ ಮೇಲೆ ಮುದುಡಿ ಮಲಗಿದ್ದ. ಈ ವರ್ಷ ಗುರುಗಳು ಹೊಸಬರಿಗೆ ಬಂದ ದಿನವೇ ಕಂಬಳಿ ಕೊಡಬೇಕೆಂದು ಹೇಳಿದ್ದರು. ಕೊಡಬೇಕಾದವನು ಮುರಿಗಯ್ಯನೇ. ಅವನು ಇವತ್ತು ನಾಳೆ ಎನ್ನುತ್ತ ಕಂಬಳಿಗಳನ್ನು ಉಗ್ರಾಣದೊಳಗೇ ಇಟ್ಟುಕೊಂಡಿದ್ದ. ಗುರುಗಳಿಗೆ ಅದು ಗೊತ್ತಿತ್ತು. ಅವರು ಆ ಮಾತನ್ನು ಎತ್ತಲಿಲ್ಲ.

“ಹೊಟ್ಟೆ ಉರಿಯುತ್ತಿದೆ ಎಂದು ಬಾಯಿಬಿಟ್ಟು ಹೇಳಿದೆಯಲ್ಲ, ಅಷ್ಟು ಸಾಕು. ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದರು.

ಒಂದು ಊರಿನಲ್ಲಿ ಎಣ್ಣೆ ವ್ಯಾಪಾರಿಗಳ ಕೇರಿ ಇತ್ತು. ಅವರು ಮಾರುತ್ತಿದ್ದದ್ದು ದೀಪಕ್ಕೆ ಹಾಕುವ ಹೊಂಗೆ ಎಣ್ಣೆ. ಬೆಂಕಿಯ ಭಯದಿಂದ ಅದನ್ನು ಯಾರೂ ಮನೆಯೊಳಗೆ ಇಡುತ್ತಿರಲಿಲ್ಲ. ಹಿತ್ತಿಲಲ್ಲಿ ಆಳುದ್ದದ ಗುಂಡಿ ತೋಡಿ, ದೊಡ್ಡ ಮಣ್ಣಿನ ಬಾನಿಯನ್ನು ಕತ್ತಿನವರೆಗೆ ಹೂತು, ಅದರಲ್ಲಿ ತುಂಬಿಡುತ್ತಿದ್ದರು. ನೆಲದೊಳಗಿನ ಬಾನಿ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ. ಎಣ್ಣೆ ಸದ್ದಿಲ್ಲದೆ ಮಣ್ಣಿಗೆ ಇಳಿಯುತ್ತದೆ, ಮಣ್ಣಿನಿಂದ ಬಾವಿಗೆ ಹೋಗುತ್ತದೆ. ಹೊಂಗೆ ಎಣ್ಣೆ ಬೆರೆತ ನೀರು ಕಹಿ. ಬಾಯಾರಿದ ದನ ಕೂಡ ಮೂಸಿ ಹಿಂದೆ ಸರಿಯುತ್ತದೆ.

ಆ ಕೇರಿಯ ನಡುವೆ ಒಂದು ಸಿಹಿನೀರಿನ ಬಾವಿ ಇತ್ತು. ಊರಿಗೆಲ್ಲ ಕುಡಿಯಲು ಇದ್ದದ್ದು ಅದೊಂದೇ ಬಾವಿ. ಅದು ಬಿಟ್ಟರೆ ಹೊಳೆ, ಹೊಳೆಯೋ ಬಹಳ ದೂರ.

ಕೇರಿಯಲ್ಲಿ ಒಬ್ಬ ವ್ಯಾಪಾರಿಯ ಬಾನಿ ಸೋರಿತು. ಅವನು ಮರ್ಯಾದಸ್ಥ. ಗೊತ್ತಾದ ಕೂಡಲೇ ಹತ್ತು ಜನರ ಮುಂದೆ ಹೇಳಿದ. ಸಿಹಿನೀರಿನ ಬಾವಿಗೆ ಎಣ್ಣೆ ಮುಟ್ಟುವ ಮೊದಲೇ ಹಿತ್ತಿಲ ಮಣ್ಣನ್ನೆಲ್ಲ ಅಗೆಸಿ, ಗಾಡಿಗಳಲ್ಲಿ ಊರಾಚೆಗೆ ಸಾಗಿಸಿದ. ಅದಕ್ಕಾಗಿ ಗಾಣ ಮಾರಿದ, ಎತ್ತು ಮಾರಿದ, ಹೆಂಡತಿಯ ಮೈಮೇಲಿನ ಒಡವೆ ಬಿಚ್ಚಿಸಿದ. ಅಕ್ಕಪಕ್ಕದ ಮನೆಯವರ ಹಿತ್ತಿಲಲ್ಲಿದ್ದ ಬಳಕೆ ನೀರಿನ ಬಾವಿಗಳು ಆಗಲೇ ಕೆಟ್ಟಿದ್ದವು. ಅವರು ಬಾಗಿಲಿಗೆ ಬಂದು ಶಾಪ ಹಾಕಿದರು. ಸಿಹಿನೀರಿನ ಬಾವಿ ಕುಡಿಯುವುದಕ್ಕೆ ಮಾತ್ರ, ಹಾಗಾಗಿ ಅವನ ಹೆಂಡತಿ ಬಳಕೆಗೆ ಹೊಳೆಯಿಂದ ನೀರು ಹೊತ್ತು ಮೊದಲು ಅವರ ಮನೆಗೆ ಹಾಕಿ, ಆಮೇಲೆ ತನ್ನ ಮನೆಗೆ ತರುತ್ತಿದ್ದಳು. ಅಯ್ಯೋ ಪಾಪ ಎಂದವರು ಒಬ್ಬರೂ ಇಲ್ಲ. ಬಾವಿ ಉಳಿಯಿತು. ಅದನ್ನು ಉಳಿಸಿದವನು ಬೀದಿಗೆ ಬಿದ್ದ.

ಕೆಲವು ಕಾಲ ಕಳೆದ ಮೇಲೆ ಊರಿಗೆ ಬುದ್ಧಿ ಬಂತು. ಇವತ್ತು ಅವನಿಗೆ ಆದದ್ದು ನಾಳೆ ನಮಗೂ ಆದೀತು ಎಂದುಕೊಂಡ ಹಿರಿಯರು ಒಂದು ಹುಂಡಿ ಇಟ್ಟರು. ಎಣ್ಣೆ ಮಾರಿದವನು ಮಾರಿದ ಅಳತೆಗೆ ತಕ್ಕಂತೆ ಅದಕ್ಕೆ ಕಾಸು ಹಾಕಬೇಕು. ಯಾರ ಬಾನಿ ಸೋರಿದರೂ ಅವನು ತಡಮಾಡದೆ ಬಂದು ಹೇಳಬೇಕು. ಹೊಸ ಬಾನಿ, ಮಣ್ಣು ಸಾಗಿಸುವ ಖರ್ಚು, ನೆರೆಯವರ ನಷ್ಟ ಎಲ್ಲ ಹುಂಡಿಯದು. ಹೇಳಲು ಬಂದವನನ್ನು ಮೊದಲು ಕೂರಿಸಿ ಬೆಲ್ಲ ನೀರು ಕೊಡಬೇಕು, ಮಾತು ಆಮೇಲೆ. ಅವನು ಊರಿನ ಬಾವಿ ಉಳಿಸಲು ಬಂದವನು ಎಂಬುದು ಹಿರಿಯರ ಎಣಿಕೆ. ಆದರೆ ಹಳೆಯ ಸೋರಿಕೆಗೆ ಹುಂಡಿಯಿಂದ ಕೊಡುವಂತಿಲ್ಲ ಎಂದೂ ಗೊತ್ತುಮಾಡಿದರು. ಇಲ್ಲವಾದರೆ ತಾತನ ಕಾಲದ ಲೆಕ್ಕ ಹಿಡಿದು ಬರುವವರಿಗೆ ಕೊನೆಯಿರುವುದಿಲ್ಲ.

ಹುಂಡಿಯ ಬೀಗದ ಕೈ ಯಾರಿಗೆ ಕೊಡುವುದು? ಬೀದಿಗೆ ಬಿದ್ದ ಆ ವ್ಯಾಪಾರಿಗೇ ಕೊಟ್ಟರು. ಸುಟ್ಟುಕೊಂಡವನಿಗೆ ಉರಿ ಎಂದರೇನೆಂದು ಗೊತ್ತಿರುತ್ತದೆ ಎಂದರು. ಹಾಗೆ ಅವನು ಪಾರುಪತ್ಯಗಾರನಾದ. ಊರಿನ ಮಾತು ತಪ್ಪು ಎನ್ನಲು ನನಗೂ ಬಾಯಿ ಬರುವುದಿಲ್ಲ, ಮುರಿಗಯ್ಯ. ಆ ಹಿರಿಯರ ಜಾಗದಲ್ಲಿ ಕೂತಿದ್ದರೆ ನಾನೂ ಅವನಿಗೇ ಕೊಡುತ್ತಿದ್ದೆ.

ಮೊದಲು ಬಂದವನು ಒಬ್ಬ ಎಳೆಯ ವ್ಯಾಪಾರಿ. ಅವನ ಬಾನಿಯ ತಳ ಒಡೆದಿತ್ತು. ಪಾರುಪತ್ಯಗಾರ ಅವನನ್ನು ಕೂರಿಸಿದ, ಬೆಲ್ಲ ನೀರು ಕೊಟ್ಟ, ಸಲ್ಲಬೇಕಾದದ್ದನ್ನೆಲ್ಲ ಸಲ್ಲಿಸಿದ. ಆಳುಗಳು ಬಂದು ಮಣ್ಣು ತೆಗೆದರು. ಹೊಸ ಬಾನಿ ಬಂತು. ಒಂದು ತಿಂಗಳು ತುಂಬುವುದರೊಳಗೆ ಆ ಹುಡುಗ ಅಂಗಡಿಯಲ್ಲಿ ನಗುನಗುತ್ತ ಎಣ್ಣೆ ಅಳೆಯುತ್ತಿದ್ದ. ಹಬ್ಬ ಬಂದಾಗ ಪಾರುಪತ್ಯಗಾರನ ಮನೆಗೆ ಹೋಳಿಗೆ ಕಳಿಸಿದ.

ಆ ಹೋಳಿಗೆ ಪಾರುಪತ್ಯಗಾರನ ಗಂಟಲಲ್ಲಿ ಇಳಿಯಲಿಲ್ಲ. ಇವನ ಬಾನಿಯೂ ಸೋರಿತು, ನನ್ನ ಬಾನಿಯೂ ಸೋರಿತ್ತು. ಇವನ ಹೆಂಡತಿಯ ಕೊರಳಲ್ಲಿ ಸರ ಹಾಗೇ ಇದೆ ಎಂದುಕೊಂಡ. ಅಂದಿನಿಂದ ಆ ಹುಡುಗನ ಅಂಗಡಿಯ ಮುಂದೆ ಹಾದು ಹೋಗುವುದನ್ನೇ ಬಿಟ್ಟ. ಸುತ್ತು ದಾರಿ ಹಿಡಿದು ಹೋಗುತ್ತಿದ್ದ. ಹುಡುಗನಿಗೆ ಕೆಟ್ಟದ್ದಾಗಲಿ ಎಂದು ಅವನು ಬಯಸಲಿಲ್ಲ. ಅವನಿಗೆ ಇಷ್ಟು ಸುಲಭವಾಗಿ ಒಳ್ಳೆಯದಾಗಬಾರದಿತ್ತು ಎಂದಷ್ಟೇ ಅನಿಸುತ್ತಿತ್ತು. ಇದನ್ನು ಹೊಟ್ಟೆಕಿಚ್ಚು ಎಂದು ಯಾರಾದರೂ ಅಂದಿದ್ದರೆ ಅವನು ಜಗಳಕ್ಕೇ ನಿಲ್ಲುತ್ತಿದ್ದ. ಹುಂಡಿ ಊರಿನದು, ಹಿಡಿತ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಹೊಟ್ಟೆಕಿಚ್ಚಿಗೆ ಇಂಥ ಮಡಿಬಟ್ಟೆಗಳು ಬೇಕಾದಷ್ಟು ಸಿಗುತ್ತವೆ.

ಎರಡನೆಯದಾಗಿ ಬಂದವಳು ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ತಾನೇ ವ್ಯಾಪಾರ ನಡೆಸುತ್ತಿದ್ದಳು. ಬಾನಿಗೆ ಇಳಿಬಿಡುವ ಅಳತೆಯ ಕೋಲಿನ ಮೇಲೆ ಎಣ್ಣೆಯ ಗುರುತು ದಿನದಿನಕ್ಕೆ ಮಾರಿದ್ದಕ್ಕಿಂತ ಹೆಚ್ಚು ಕೆಳಗಿಳಿಯುತ್ತಿತ್ತು. ಅದನ್ನು ಕಂಡವಳೇ ಬಂದಳು. ಬಾಗಿಲಲ್ಲಿ ನಿಂತಳು. ಪಾರುಪತ್ಯಗಾರ ಕೂರು ಎನ್ನಲಿಲ್ಲ.

“ಅಣ್ಣಾ, ನಮ್ಮ ಬಾನಿ ಎಲ್ಲೋ ಸೋರ್ತಾ ಇರೋ ಹಾಗಿದೆ. ಇನ್ನೂ ಜಾಸ್ತಿ ಹೋಗಿಲ್ಲ. ಈಗಲೇ ತೆಗೆಸಿಬಿಟ್ಟರೆ ಬಾವಿಗೆ ಮುಟ್ಟಲ್ಲ” ಎಂದಳು.

“ಸೋರ್ತಿರೋದನ್ನ ನೀನು ನೋಡಿದೆಯೇನಮ್ಮ?”

“ನೆಲದೊಳಗಿರೋದನ್ನ ಹೇಗಣ್ಣಾ ನೋಡ್ಲಿ? ಕೋಲು ಹೇಳ್ತಿದೆ.”

“ಕೋಲು ಹಿಡಿದವರು ಹೇಳಿದ ಹಾಗೆ ಕೋಲು ಹೇಳುತ್ತೆ. ಎಣ್ಣೆ ಮಾರಿಕೊಂಡು ಸೋರಿತು ಅನ್ನೋರು ಇಲ್ಲವಾ? ಬಾನಿ ಮೇಲಕ್ಕೆ ಎತ್ತಿಸಿ ಬಿರುಕು ತೋರಿಸು, ಆಮೇಲೆ ಬಾ.”

ಬಾನಿ ಎತ್ತಿಸಲು ಕೈಯಲ್ಲಿ ಕಾಸಿಲ್ಲದೆಯೇ ಅವಳು ಬಂದಿದ್ದಳು.

“ನೀವೂ ಸೋರಿ ಕಳಕೊಂಡೋರು. ನಿಮಗೆ ಗೊತ್ತಾಗುತ್ತೆ ಅಂದ್ಕೊಂಡು ಬಂದೆ” ಎಂದಳು.

“ಗೊತ್ತಿರೋದಕ್ಕೇ ಹೇಳ್ತಿದ್ದೀನಿ. ಅವತ್ತು ನನಗೆ ಯಾರು ಕೊಟ್ಟಿದ್ದರು?” ಎಂದ ಪಾರುಪತ್ಯಗಾರ.

ಅವಳು ಸೆರಗು ಹೊದ್ದು ಮನೆಗೆ ಹೋದಳು. ಅಂದು ಪಾರುಪತ್ಯಗಾರ ಹೊಟ್ಟೆ ತುಂಬ ಉಂಡ. ಬಹಳ ದಿನಗಳ ಮೇಲೆ ಅವನಿಗೆ ಊಟ ರುಚಿಸಿತ್ತು.

ಕೇರಿಯಲ್ಲಿ ಮಾತು ಅಡಗುವುದುಂಟೇ? ಬಾಗಿಲಲ್ಲೇ ನಿಲ್ಲಿಸಿ ಕಳ್ಳಿಯನ್ನು ಕೇಳಿದ ಹಾಗೆ ಕೇಳಿದನಂತೆ ಎಂದು ಮನೆಮನೆಗೂ ಗೊತ್ತಾಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದುಕೊಂಡರು. ಆಮೇಲೂ ಒಬ್ಬಿಬ್ಬರು ಹೋದರು. ಒಬ್ಬನಿಗೆ ನಿನ್ನ ಬಾನಿ ಸುಟ್ಟ ಕುಂಬಾರನನ್ನು ಕರೆದುಕೊಂಡು ಬಾ ಎಂದ. ಆ ಕುಂಬಾರ ಸತ್ತು ಎಷ್ಟೋ ವರ್ಷವಾಗಿತ್ತು. ಇನ್ನೊಬ್ಬನನ್ನು ನಿನ್ನ ಅಜಾಗರೂಕತೆಗೆ ಊರು ಏಕೆ ಹೊಣೆ ಎಂದು ಜಗಲಿಯ ಮೇಲೆ ನಾಲ್ಕು ಜನರೆದುರು ಕೇಳಿದ. ಅವನು ತಲೆ ತಗ್ಗಿಸಿಕೊಂಡು ಎದ್ದು ಬಂದ. ಅಲ್ಲಿಂದ ಮುಂದೆ ಯಾರೂ ಹೋಗಲಿಲ್ಲ.

ಬಾನಿಗಳು ಸೋರುವುದು ನಿಂತಿತು ಎಂದುಕೊಂಡೆಯಾ? ಹೇಳುವುದು ನಿಂತಿತು. ಸೋರಿದವರು ಬಿರುಕಿಗೆ ಕೈ ಎಟುಕಿದಷ್ಟು ಸುಣ್ಣ ಬೆಲ್ಲ ಅರೆದು ಮೆತ್ತಿದರು. ಮೇಲೆ ಚಾಪೆ ಹಾಸಿ ಮೆಣಸಿನಕಾಯಿ ಒಣಗಿಸಿದರು. ಹಿತ್ತಿಲಿನ ಎಣ್ಣೆಯ ವಾಸನೆ ಬೀದಿಗೆ ಬರಬಾರದೆಂದು ಸಂಜೆಯಾದರೆ ಮನೆಮನೆಯಲ್ಲೂ ಸಾಂಬ್ರಾಣಿ ಹೊಗೆ ಹಾಕಿದರು. ಪಾರುಪತ್ಯಗಾರ ಆ ಬೀದಿಯಲ್ಲಿ ನಡೆದು ಬರುವಾಗ, ಈ ಜನಕ್ಕೆ ಇತ್ತೀಚೆಗೆ ದೈವಭಕ್ತಿ ಹೆಚ್ಚಿದೆ ಎಂದು ಸಂತೋಷಪಟ್ಟ.

ಹುಂಡಿ ತುಂಬಿತು. ಎರಡನೆಯ ಹುಂಡಿ ಇಡಬೇಕಾಯಿತು. ಇವನ ಕಾಲದಲ್ಲಿ ಸೋರಿಕೆಯೇ ಇಲ್ಲ ಎಂದು ಹಿರಿಯರು ಕೊಂಡಾಡಿ ಶಾಲು ಹೊದಿಸಿದರು. ಸಭೆಯಲ್ಲಿ ಆ ಹೆಂಗಸೂ ಇದ್ದಳು. ಅವಳ ಹಿತ್ತಿಲ ಬಾನಿಯಿಂದ ಎಣ್ಣೆ ಇಳಿಯುತ್ತಲೇ ಇತ್ತು. ಅವಳು ಬಾಯಿ ತೆರೆಯಲಿಲ್ಲ.

ಒಂದು ಬೆಳಿಗ್ಗೆ ಸಿಹಿನೀರಿನ ಬಾವಿಯಿಂದ ಮೊದಲ ಕೊಡ ಎಳೆದವಳು ಬೊಗಸೆಯಲ್ಲಿ ಕುಡಿದು ಉಗುಳಿದಳು. ಎರಡನೆಯವಳೂ ಉಗುಳಿದಳು. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಬಾವಿಯ ಸುತ್ತ ನಿಂತಿತ್ತು. ಹಿತ್ತಿಲುಗಳನ್ನು ಅಗೆಸಿದರೆ ಅರ್ಧ ಕೇರಿಯ ಬಾನಿಗಳು ಸೋರುತ್ತಿದ್ದವು. ಪ್ರತಿಯೊಬ್ಬರಿಗೂ ತಮ್ಮದು ಗೊತ್ತಿತ್ತು. ತನ್ನದೊಂದು ಸಣ್ಣ ಬಿರುಕು, ಅಷ್ಟರಿಂದ ಏನಾದೀತು ಎಂದು ಒಬ್ಬೊಬ್ಬರೂ ಸುಮ್ಮನಿದ್ದರು. ಹುಂಡಿಗಳನ್ನು ಒಡೆದು ಸುರಿದರು. ಗಾಡಿಗಟ್ಟಲೆ ಮಣ್ಣು ಸಾಗಿಸಿದರು, ಹೊಸ ಬಾನಿ ತರಿಸಿದರು, ಬಾವಿಯ ನೀರನ್ನು ಹಗಲೆಲ್ಲ ಎತ್ತಿ ಚೆಲ್ಲಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಹೊಸ ನೀರೂ ಕಹಿಯಾಗಿಯೇ ಬಂತು. ಹಸುಗೂಸು ಇದ್ದವರು ಊರು ಬಿಡಲು ಗಂಟು ಕಟ್ಟಿದರು. ಪಾರುಪತ್ಯಗಾರನ ಹೆಂಡತಿ ಮುದಿವಯಸ್ಸಿನಲ್ಲಿ ಮತ್ತೆ ಕೊಡ ಹೊತ್ತು ಹೊಳೆಯ ದಾರಿ ಹಿಡಿದಳು. ಗಂಡನ ಮುಖ ನೋಡದೆ ಹೋದಳು.

ಹಿರಿಯರು ಪಾರುಪತ್ಯಗಾರನನ್ನು ಕರೆಸಿದರು.

“ನಾನು ಹುಂಡಿಯ ಒಂದು ಕಾಸೂ ಮುಟ್ಟಿಲ್ಲ” ಎಂದ ಅವನು.

“ಮುಟ್ಟಿಲ್ಲ ಅಂತ ನಮಗೂ ಗೊತ್ತಪ್ಪ. ಮುಟ್ಟಿದ್ದರೆ ಕಾಸು ಹೋಗ್ತಿತ್ತು, ನೀರು ಉಳೀತಿತ್ತು” ಎಂದ ಒಬ್ಬ ಮುದುಕ.

ಆಗ ಅವನ ಕಟ್ಟೆ ಒಡೆಯಿತು. “ನನ್ನ ಬಾನಿ ಸೋರಿದಾಗ ನೀವೆಲ್ಲ ಎಲ್ಲಿದ್ದಿರಿ? ನನ್ನ ಹೆಂಡತಿ ನಿಮ್ಮ ಮನೆಗೆ ನೀರು ಹೊತ್ತಾಗ ಯಾರಾದರೂ ಸಾಕು ಬಿಡಮ್ಮ ಅಂದ್ರಾ?” ಎಂದು ಕೂಗಿ ಅತ್ತ. ಅವನು ಅಂದದ್ದರಲ್ಲಿ ಸುಳ್ಳು ಇರಲಿಲ್ಲ. ಅವನು ಬೀಗದ ಕೈಯನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದ.

ಗುರುಗಳು ಕತೆ ನಿಲ್ಲಿಸಿದರು. ಮುರಿಗಯ್ಯನಿಗೆ ಪಾರುಪತ್ಯಗಾರನ ಮೇಲೆ ಸಿಟ್ಟು ಬರಲಿಲ್ಲ. ಅವನ ಪರವಾಗಿ ಒಂದು ಮಾತು ಕೇಳಲೇಬೇಕು ಎನಿಸಿತು.

“ಅವನು ಮಾಡಿದ್ದು ತಪ್ಪು, ಒಪ್ಪಿದೆ. ಆದರೆ ಗುರುಗಳೇ, ಅವನು ಕೊನೆಗೆ ಕೇಳಿದ್ದು ನಿಜವೇ ಅಲ್ಲವೆ? ಅವನಿಗೆ ಸಿಗಬೇಕಾಗಿದ್ದದ್ದನ್ನು ಅವನಿಗೆ ಕೊಡಲು ಯಾರೂ ಬರಲೇ ಇಲ್ಲವಲ್ಲ?”

“ಬಂದಿದ್ದಳಲ್ಲ ಆ ಹೆಂಗಸು,” ಎಂದರು ಗುರುಗಳು, “ನೀವೂ ಕಳಕೊಂಡೋರು ಎಂದು ಅವನ ನೋವು ಅರಿತು ಬಂದವಳು ಅವಳೊಬ್ಬಳೇ. ಅವನೇ ಬಾಗಿಲಿನಿಂದ ವಾಪಸು ಕಳಿಸಿದ.”