ರಿಮ್ ಆರಿಸಿದ ಹಬ್

ಸೈಕಲ್ ರಿಪೇರಿಯ ದಾವಲಸಾಬರು ಮುಂದಿನ ಗಾಲಿ ಕಟ್ಟಲು ಕೂತಾಗ, ಅಲ್ಲಿದ್ದ ಎರಡು ಹಬ್‌ಗಳಲ್ಲಿ ತನ್ನ ನಡುವೆ ಅಚ್ಚು ಹಿಡಿಯಲು ಬೇಕಾದದ್ದು ಯಾವುದೆಂದು ತಾನೇ ಆರಿಸುತ್ತೇನೆ ಎಂದಿತು ರಿಮ್.

“ನನ್ನೊಳಗೆ ಧೂಳು ನುಗ್ಗುವುದೇ ಇಲ್ಲ,” ಎಂದಿತು ಫಳಫಳ ಹೊಳೆಯುವ ಹಬ್. “ನನ್ನನ್ನು ಬಿಚ್ಚಬೇಕಾಗಿಲ್ಲ, ಬಿಚ್ಚಲು ಬರುವುದೂ ಇಲ್ಲ.”

“ನೀನೇನಂತೀಯ?” ಎಂದು ರಿಮ್ ಮಂಕು ಬಣ್ಣದ ಉಕ್ಕಿನ ಹಬ್ಬನ್ನು ಕೇಳಿತು.

“ಧೂಳು ಬರುತ್ತದೆ, ಒಳಗಿನ ಗುಂಡುಗಳು ಸವೆಯುತ್ತವೆ. ಬಿಚ್ಚಿ ಒರೆಸಿ ಗ್ರೀಸ್ ಹಾಕಿದರೆ ಮತ್ತೆ ಓಡುತ್ತೇನೆ.”

ಹೊಳೆಯುವ ಹಬ್ ನಕ್ಕಿತು. “ಮೊದಲೇ ಕಾಯಿಲೆ ಹೇಳಿಕೊಳ್ಳುವವನನ್ನು ಕಟ್ಟಿಕೊಳ್ಳುತ್ತೀಯಾ?”

“ಕಟ್ಟಿಕೊಳ್ಳುತ್ತೇನೆ. ನಮ್ಮ ಬೀದಿಯ ಧೂಳು ಹೇಗೋ ದಾರಿ ಮಾಡಿಕೊಂಡು ನಿನ್ನೊಳಗೂ ಬರುತ್ತದೆ. ಅದನ್ನು ತೆಗೆಯಲು ಸ್ಪ್ಯಾನರ್ ಯಾವ ದಾರಿಯಿಂದ ಬರಬೇಕು?”

ರಿಮ್ ದಾವಲಸಾಬರ ಕಡೆ ತಿರುಗಿತು.

“ಉಕ್ಕಿನವನಿಗೇ ಕಡ್ಡಿ ಪೋಣಿಸಿ, ಸಾಬರೇ,” ಎಂದಿತು ರಿಮ್.