ಯಾರದೂ ಅಲ್ಲದ ತಾಮ್ರ

ಹತ್ತಿರ ಬನ್ನಿ ಮಕ್ಕಳೇ, ಕೇಳಿ. ಒಂದು ರಾಜ್ಯದಲ್ಲಿ ದ್ಯಾವಕ್ಕ ಅಂತ ಒಬ್ಬಳಿದ್ದಳು. ಹಳ್ಳದ ದಂಡೆಯಲ್ಲಿ ಬಾತುಕೋಳಿ ಸಾಕುತ್ತಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಬೈಯುವುದಕ್ಕೂ ಮುದ್ದಿಸುವುದಕ್ಕೂ ಅವಳಿಗೆ ಆ ಬಾತುಗಳೇ.

ಹಳ್ಳದ ಮೇಲ್ಗಡೆ ಸಾಹುಕಾರ ಚನ್ನಿಗಪ್ಪನ ತಾಮ್ರದ ಹಂಡೆ ಕಾರ್ಖಾನೆ. ಹಂಡೆಗಳನ್ನು ಹುಳಿನೀರಲ್ಲಿ ಅದ್ದಿ ಥಳಥಳ ಹೊಳೆಸುತ್ತಿದ್ದ. ತೊಳೆದ ನೀರನ್ನು ಚರಂಡಿ ಮಾಡಿ ಹಳ್ಳಕ್ಕೆ ಬಿಡುತ್ತಿದ್ದ. ಹಳ್ಳ ನವಿಲಿನ ಬಣ್ಣಕ್ಕೆ ತಿರುಗಿತು. ಮೀನು ಸತ್ತವು. ಆಮೇಲೆ ಬಾತುಗಳೂ ಒಂದೊಂದಾಗಿ ಕತ್ತು ಚೆಲ್ಲಿದವು. ಉಳಿದದ್ದು ಒಂದೇ ಜೋಡಿ.

ದ್ಯಾವಕ್ಕ ಅಳುತ್ತಾ ರಾಜನ ಬಳಿ ಹೋದಳು. ರಾಜನಿಗೋ, ಸಾಹುಕಾರನ ಹಂಡೆಯಲ್ಲಿ ಕಾಯಿಸಿದ ನೀರಲ್ಲೇ ಸ್ನಾನ ಆಗಬೇಕು.

"ಹಳ್ಳದ ನೀರು ಯಾಕೆ ನೀಲಿ?" ಅಂತ ಸಾಹುಕಾರನನ್ನು ಕರೆಸಿ ಕೇಳಿದ.

"ಆಕಾಶದ ನೆರಳು, ಮಹಾಸ್ವಾಮಿ" ಅಂದ ಸಾಹುಕಾರ. ರಾಜ ತಲೆದೂಗಿದ.

ಎರಡನೇ ಸಲ ಹೋದಳು. "ಪಾಚಿ, ಮಹಾಸ್ವಾಮಿ" ಅಂದ. ರಾಜ ತಲೆದೂಗಿದ.

ಮೂರನೇ ಸಲ ಹೋದಳು. "ಬಾತುಗಳಿಗೆ ದೃಷ್ಟಿಯಾಗಿದೆ. ನಾನು ಬಿಟ್ಟ ನೀರಲ್ಲಿ ತಾಮ್ರದ ಒಂದು ಕಣ ಇದ್ದರೂ ನನ್ನ ಮೀಸೆ ಬೋಳಿಸಿ!" ಅಂದ. ಅವನ ಬಾಯಿಗೆ ಮಣ್ಣು ಹಾಕ! ರಾಜನ ತಲೆಗೆ ತೂಗಿ ತೂಗಿ ಅಭ್ಯಾಸವಾಗಿಬಿಟ್ಟಿತ್ತು.

ದ್ಯಾವಕ್ಕನಿಗೆ ರೇಗಿತು. ಬಂದವಳೇ ಕೈಗೆ ಸಿಕ್ಕ ಕುಡುಗೋಲನ್ನು ಸಾಹುಕಾರನ ಚರಂಡಿಗೆ ಬೀಸಿ ಎಸೆದಳು. ಮಾರನೇ ದಿನ ಹುಲ್ಲು ಕೊಯ್ಯಬೇಕಲ್ಲ, ಪಾಪ, ತಾನೇ ಹುಡುಕಿ ತೆಗೆದಳು. ನೋಡಿದರೆ, ಕಬ್ಬಿಣದ ಕುಡುಗೋಲು ಮೈತುಂಬ ಕೆಂಪಗೆ ತಾಮ್ರ ಬಳಿದುಕೊಂಡಿತ್ತು!

ಗಂಡು ಬಾತು "ಕ್ವಾಕ್" ಅಂದಿತು.

"ಹೂಂ ಕಣೋ, ನಂಗೂ ಅದೇ ಅನ್ನಿಸ್ತು" ಅಂದಳು ದ್ಯಾವಕ್ಕ.

ಈ ಸಲ ಕುಡುಗೋಲು ಹಿಡಿದು ನಗುತ್ತಾ ರಾಜನ ಬಳಿ ಹೋದಳು. ಸಾಹುಕಾರನೂ ಅಲ್ಲೇ ಇದ್ದ. "ಮಹಾಸ್ವಾಮಿ, ಹಳ್ಳದಾಗೆ ತಾಮ್ರ ಐತೆ! ಹಳೇ ಕಬ್ಬಿಣ ಅದ್ದಿದ್ರೆ ಸಾಕು, ಬಂದು ಅಂಟ್ಕೊತದೆ. ಸಾಹುಕಾರ್ರು ತಮ್ದಲ್ಲ ಅಂದವ್ರೆ. ಯಾರ್ದೂ ಅಲ್ಲದ ತಾಮ್ರ, ನಾನೇ ತಗೊಳ್ಲಾ?"

ಸಾಹುಕಾರ ಕುಡುಗೋಲು ನೋಡಿದ. ತಡೆಯಲಾಗಲಿಲ್ಲ. "ಯಾರದೂ ಅಲ್ಲವಂತೆ! ಅದು ನನ್ನ ತಾಮ್ರ! ನನ್ನ ತೊಟ್ಟಿಯಿಂದಲೇ ಹೋದದ್ದು! ಒಂದು ಕಣ ಮುಟ್ಟಿದರೆ ನೋಡು!"

ರಾಜನ ತಲೆ ತೂಗುವುದನ್ನು ನಿಲ್ಲಿಸಿತು. "ನಿನ್ನದೇ ತಾನೆ? ಹಾಗಾದರೆ ಒಂದು ಕಣವೂ ಬಿಡದೆ ನೀನೇ ತೆಗೆ. ತೆಗೆದಾದ ಮೇಲೆ ನಿನ್ನ ಮನೆಗೆ ಕುಡಿಯುವ ನೀರು ದ್ಯಾವಕ್ಕನ ದಂಡೆಯಿಂದಲೇ. ಯಾರಲ್ಲಿ, ಕ್ಷೌರದವನನ್ನು ಕರೆಯಿರಿ!"

ಮೀಸೆ ಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು. ಸಾಹುಕಾರ ಚರಂಡಿಯುದ್ದಕ್ಕೂ ಗುಂಡಿ ತೋಡಿಸಿದ. ಮೊದಲನೆಯದಕ್ಕೆ ಹಳೇ ಕಬ್ಬಿಣ ಹಾಕಿದ, ತಾಮ್ರ ಅಂಟಿತು. ಎರಡನೆಯದಕ್ಕೆ ಸುಣ್ಣ ಕಲಸಿದ, ಮಿಕ್ಕ ವಿಷ ಕೆಸರಾಗಿ ತಳಕ್ಕೆ ಕೂತಿತು. ಮೂರನೆಯದಕ್ಕೆ ಇದ್ದಿಲು ತುಂಬಿದ, ನೀರು ಸೋಸಿ ತಿಳಿಯಾಗಿ ಬಂತು. ಕೆಸರನ್ನು ಯಾರ ಹೊಲಕ್ಕೂ ಚೆಲ್ಲದೆ ತನ್ನ ಕುಲುಮೆಗೇ ಒಯ್ದ. ಹಳ್ಳ ತಿಳಿಯಾದ ಮೇಲೆ ಮೊದಲ ಚೊಂಬು ನೀರನ್ನು ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು ಕುಡಿದ. ಸಾಯಲಿಲ್ಲ.

ದ್ಯಾವಕ್ಕನ ಬಾತುಗಳು ಮರಿ ಮಾಡಿದವು. ಸಾಹುಕಾರನ ಮೀಸೆಯೂ ನಿಧಾನಕ್ಕೆ ಚಿಗುರಿತು.

ಲಾಭ ನನ್ನದು, ಕೊಳೆ ಊರಿನದು ಅನ್ನಬಾರದು ಮಕ್ಕಳೇ. ನೀರಿಗೆ ವಿಷ ಬೆರೆಸಿದವನೇ ಅದನ್ನು ತೆಗೆದು, ಆಮೇಲೆ ನೀರು ಬಿಡಬೇಕು. ಕತೆ ದ್ಯಾವಕ್ಕನದು, ನೀತಿ ನಿಮ್ಮದು, ಹಳ್ಳ ಎಲ್ಲರದು.